ಕಟ್ಟಿಗೆ ತರಲು ಹೋದವನು

ಅಟ್ಸು ಸತ್ತು ಎಷ್ಟೋ ವರ್ಷಗಳಾದ ಮೇಲೆ ಆ ಸುದ್ದಿ ಅವನ ಕಿವಿಗೆ ಬಿತ್ತು. ಬಿದ್ದದ್ದಾದರೂ ಎಲ್ಲಿ? ಅಬ್ಲಾಳ ಹೆಂಡದಂಗಡಿಯಲ್ಲಿ, ಅನೆಹೊ ಊರಿನ ಅರ್ಧ ಗಂಡಸರು ಟೀವಿಯ ಮುಂದೆ ಕಿಕ್ಕಿರಿದು ಕೂತಿದ್ದಾಗ.

ಟೋಗೋ ದೇಶದ ತಂಡ ಆಡುತ್ತಿತ್ತು. ನಡುಮೈದಾನದಲ್ಲಿ ಎಂಟನೆಯ ನಂಬರಿನ ಅಂಗಿ ತೊಟ್ಟು, ಟರ್ಕಿಯಲ್ಲಿ ನೆಡಿಸಿಕೊಂಡ ಕೂದಲಿಗೆ ಬಂಗಾರದ ಬಣ್ಣ ಬಳಿದುಕೊಂಡು ಓಡುತ್ತಿದ್ದವನು ಅಟ್ಸುವಿನ ಅವಳಿ ತಮ್ಮ ಎಟ್ಸೆ. ಓಡುತ್ತಿದ್ದ ಎನ್ನುವುದೂ ಮರ್ಯಾದೆಗೆ ಹೇಳುವ ಮಾತು. ಚೆಂಡು ಎಲ್ಲಿದೆಯೋ ಅಲ್ಲಿಂದ ಸದಾ ಒಂದಿಷ್ಟು ದೂರದಲ್ಲಿರುವ ವಿದ್ಯೆ ಅವನಿಗೆ ಸಿದ್ಧಿಸಿತ್ತು. ತಪ್ಪಿ ಚೆಂಡು ಕಾಲಿಗೆ ಬಂದರೆ ಹಿಂದಕ್ಕೆ ತಳ್ಳಿ, ಕೈಯೆತ್ತಿ, ಉಳಿದವರಿಗೆ ಹೇಗೆ ಆಡಬೇಕೆಂದು ಬುದ್ಧಿ ಹೇಳುತ್ತಿದ್ದ. ಅಂಥವನ ಮೊಣಕಾಲಿಗೆ ಅವತ್ತು ಯಾರೋ ಒದ್ದ ಚೆಂಡು ಬಡಿದು, ತಾನಾಗಿಯೇ ಗೋಲಿನೊಳಗೆ ಹೋಯಿತು.

ಗೋಲು ಬಿದ್ದದ್ದೇ ತಡ, ಎಟ್ಸೆ ಮೂಲೆಯ ಬಾವುಟದವರೆಗೆ ಓಡಿ, ಮಂಡಿಯೂರಿ, ಎರಡು ಬೆರಳನ್ನು ಆಕಾಶಕ್ಕೆ ತೋರಿಸಿದ. ಗೋಲು ಹೊಡೆದಾಗಲೆಲ್ಲ, ಅಂದರೆ ವರ್ಷಕ್ಕೊಮ್ಮೆ, ಅವನು ಹಾಗೆ ಮಾಡುವುದನ್ನು ಅಟ್ಸು ನೋಡಿದ್ದ. ದೇವರಿಗಿರಬೇಕು ಅಂದುಕೊಂಡಿದ್ದ. ಆದರೆ ಅವತ್ತು ಟೀವಿಯಲ್ಲಿ ಮಾತಾಡುತ್ತಿದ್ದ ಫ್ರೆಂಚಿನವನು ದನಿ ತಗ್ಗಿಸಿ, “ಬಾಲ್ಯದಲ್ಲೇ ತೀರಿಹೋದ ತನ್ನ ಅವಳಿ ಅಣ್ಣನಿಗೆ ಎಟ್ಸೆಯ ನಮನ. ಎಂಥಾ ಹೃದಯ!” ಎಂದ.

ಅಂಗಡಿಯಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿ ಅಟ್ಸುವನ್ನು ನೋಡಿದರು. ಅವನ ಕೈಯಲ್ಲಿ ಲೋಟವಿತ್ತು. ಬೋಳುತಲೆಯ ಮೇಲೆ ಬೇಕರಿಯ ಹಿಟ್ಟು ಅಂಟಿತ್ತು.

ಮೊದಲು ಬಾಯಿ ಬಿಟ್ಟವನು ಮೀನುಗಾರ ಕೋಸಿ. ತನ್ನ ಲೋಟದಿಂದ ನಾಲ್ಕು ಹನಿ ನೆಲಕ್ಕೆ ಚೆಲ್ಲಿದ, ಹಿರೀಕರಿಗೆ ಚೆಲ್ಲುವ ಹಾಗೆ. “ತಗೋ ಅಟ್ಸು, ಕುಡಿ. ಅಲ್ಲಿ ನಮ್ಮ ತಾತ ಸಿಕ್ಕಿದ್ರೆ ಅವನಿಗೂ ಒಂದು ಗುಟುಕು ಕೊಡು.”

“ಮೈಮೇಲೆ ಬೆಳ್ಳಗಿರೋದು ಹಿಟ್ಟು ಅಂದ್ಕೊಂಡಿದ್ದೆ ಕಣೋ,” ಎಂದಳು ಅಬ್ಲಾ. “ದೆವ್ವಕ್ಕೆ ಇಷ್ಟು ದಿನ ಹೆಂಡ ಹಾಕಿದೀನಲ್ಲಪ್ಪಾ!”

ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಅಟ್ಸುವೂ ನಕ್ಕ. ಹೊರಗೆ ಬಂದು, ಸೇತುವೆಯ ಮೇಲೆ ನಿಂತು ತಮ್ಮನಿಗೆ ಫೋನು ಹಚ್ಚಿದ. ಪಂದ್ಯ ಮುಗಿದು ಬಹಳ ಹೊತ್ತಾದ ಮೇಲೆ ಎಟ್ಸೆ ಎತ್ತಿದ.

“ಲೋ, ನಾನು ಸತ್ತಿದ್ದು ಯಾವಾಗ?”

“ಅಯ್ಯೋ ಅಣ್ಣಾ, ನಾನೆಲ್ಲಿ ಸತ್ತ ಅಂದೆ? ಆಣೆ ಮಾಡ್ತೀನಿ. ಬೆಲ್ಜಿಯಮ್ಮಲ್ಲಿದ್ದಾಗ ಒಬ್ಬ ಪತ್ರಕರ್ತ, ನಮ್ಮ ಕಡೆಯೋನೇ, ಎಟ್ಸೆ ಅಂತ ಹೆಸರಿದೆಯಲ್ಲ, ನಿನ್ನ ಅಟ್ಸು ಎಲ್ಲಿ ಅಂತ ಕೇಳಿಬಿಟ್ಟ. ಕಟ್ಟಿಗೆ ತರೋಕೆ ಹೋಗಿದಾನೆ ಅಂದೆ. ಅಷ್ಟೇ. ನೀನು ಬೇಕರಿಯೋನು. ಕಟ್ಟಿಗೆ ತರೋಕೆ ಹೋಗಲ್ವಾ?”

ಅಟ್ಸು ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ, ಜೇಬಿಗೆ ಹಾಕಿಕೊಂಡ. ಆ ಸೀಮೆಯಲ್ಲಿ ಅವಳಿಗಳು ಸಾಯುವುದಿಲ್ಲ. ಕಾಡಿಗೆ ಕಟ್ಟಿಗೆ ತರಲು ಹೋಗುತ್ತಾರೆ. ಹೋದವರು ಬರುವುದಿಲ್ಲ, ಅಷ್ಟೆ. ಹಾಗೆ ಹೋದವನ ಹೆಸರಿನಲ್ಲಿ ಒಂದು ಮರದ ಗೊಂಬೆ ಕೆತ್ತಿಸಿ ಮನೆಯಲ್ಲಿಟ್ಟು, ತಾಯಿ ಅದನ್ನು ಮೀಯಿಸಿ, ಅದಕ್ಕೆ ಉಣ್ಣಿಸುತ್ತಾಳೆ. ಅದಕ್ಕೇ ಅವಳಿ ಮಕ್ಕಳಿರುವ ಮನೆಯಲ್ಲಿ ನಿಜವಾಗಿ ಕಟ್ಟಿಗೆ ಬೇಕಾದಾಗಲೂ ಆ ಮಾತನ್ನು ಯಾರೂ ಬಾಯಿಗೆ ತರುವುದಿಲ್ಲ. ಅಟ್ಸುವಿನ ಬೇಕರಿಯ ಒಲೆ ಕಟ್ಟಿಗೆಯಿಂದಲೇ ಉರಿಯುವುದು. ಕೈಗಾಡಿ ತಳ್ಳಿಕೊಂಡು ಹೊರಡುವಾಗ ತಾಯಿಗೆ ಅವನು “ಒಲೆಗೆ ಮೇವು ತರ್ತೀನಿ” ಎಂದೇ ಹೇಳಿ ಹೋಗುತ್ತಿದ್ದ. ಇದೆಲ್ಲ ಗೊತ್ತಿದ್ದವನು ಎಟ್ಸೆ. ಸುಳ್ಳು ಹೇಳುವಾಗ ಕೂಡ ನೇರವಾಗಿ ಒದೆಯದೆ ಪಕ್ಕಕ್ಕೆ ತಳ್ಳಿ ಕೈತೊಳೆದುಕೊಂಡಿದ್ದ.

ಎಲ್ಲ ಶುರುವಾದದ್ದು ವಯಸ್ಸಿನಿಂದ. ಇಪ್ಪತ್ಮೂರು ತುಂಬಿದ್ದ ಎಟ್ಸೆಯನ್ನು ರಾಜಧಾನಿ ಲೋಮೆಯ ಏಜೆಂಟನೊಬ್ಬ ಹದಿನೇಳರ ಹುಡುಗನೆಂದು ಕಾಗದ ಮಾಡಿಸಿ ಬೆಲ್ಜಿಯಮ್ಮಿಗೆ ದಾಟಿಸಿದ. ಹಾಗೆ ಮಾಡಿದವರಲ್ಲಿ ಅವನೇ ಮೊದಲನೆಯವನಲ್ಲ, ಬಿಡಿ. ಆದರೆ ಏಜೆಂಟ ಬಡಗಣ ಸೀಮೆಯವನು. ಎಟ್ಸೆ ಎಂಬ ಹೆಸರನ್ನು ಅದರ ಅರ್ಥ ತಿಳಿಯದೆ ಹಾಗೇ ಬಿಟ್ಟ. ಅಟ್ಸು ಮೊದಲು ಬಂದ ಅವಳಿ, ಎಟ್ಸೆ ಅವನ ಹಿಂದೆ ಬಂದವನು ಎಂಬುದು ಕರಾವಳಿಯ ಕೂಸಿಗೂ ಗೊತ್ತು. ಈಗ ಒಬ್ಬನಿಗೆ ಮೂವತ್ತೇಳು, ಕಾಗದದಲ್ಲಿ ಅವನ ಅವಳಿಗೆ ಮೂವತ್ತೊಂದು! ಅನೆಹೊದಲ್ಲಿ ಅಟ್ಸು ಬೋಳುತಲೆ ಹೊತ್ತು ಓಡಾಡುವುದೆಂದರೆ ಎಟ್ಸೆಯ ನಿಜವಾದ ವಯಸ್ಸು ಕಾಲು ಬಂದು ಬೀದಿಯಲ್ಲಿ ನಡೆದಾಡಿದ ಹಾಗೆ. ಅದು ನಡೆದಾಡದಿರುವುದೇ ಒಳ್ಳೆಯದಲ್ಲವೇ?

ಮೊದಲ ಸಲ ಕಾಗದದ ಸಂಗತಿ ಕೇಳಿದಾಗ ತಾಯಿ ನಕ್ಕಿದ್ದಳು. ಊರೆಲ್ಲ ಅವಳನ್ನು ಕರೆಯುವುದೇ ವೆನೊ ಎಂದು, ಅವಳಿಗಳ ತಾಯಿ ಎಂದು. “ಅಂದ್ರೆ ಒಂದನ್ನ ಹೆತ್ತು, ಇನ್ನೊಂದನ್ನ ಆರು ವರ್ಷ ಹೊಟ್ಟೇಲೇ ಇಟ್ಕೊಂಡು ಮೀನು ಮಾರ್ತಿದ್ನಾ ನಾನು?” ಎಂದಿದ್ದಳು. ಆಗ ಎಲ್ಲರಿಗೂ ಅದು ತಮಾಷೆಯಾಗಿತ್ತು.

ಹಾಗಂತ ಎಟ್ಸೆಗೆ ಆಟವೇ ಬರುತ್ತಿರಲಿಲ್ಲ ಎಂದರೆ ತಪ್ಪಾದೀತು. ಹುಡುಗರಾಗಿದ್ದಾಗ ಸಮುದ್ರದಂಡೆಯಲ್ಲಿ ಇಬ್ಬರೂ ಆಡುವುದನ್ನು ನೋಡಲು ಬಲೆ ಎಳೆಯುವವರು ಕೂಡ ಕೈ ಬಿಡುತ್ತಿದ್ದರು. ಎಟ್ಸೆ ತಲೆಯೆತ್ತದೆ, ನೋಡದೆ ಚೆಂಡು ತಳ್ಳುತ್ತಿದ್ದ. ಅದು ಹೋದ ಕಡೆ ಅಟ್ಸು ಇರುತ್ತಿದ್ದ. ಬೆಲ್ಜಿಯಮ್ಮಿನ ಮೊದಲ ವರ್ಷದ ಪಂದ್ಯಗಳನ್ನು ಅಟ್ಸು ಟೀವಿಯಲ್ಲಿ ನೋಡಿದ್ದ. ತಮ್ಮ ನೋಡದೆ ಚೆಂಡು ಕೊಡುತ್ತಿದ್ದ, ಅಲ್ಲಿ ಯಾರೂ ಇರುತ್ತಿರಲಿಲ್ಲ, ಜನ ಸಿಳ್ಳೆ ಹಾಕುತ್ತಿದ್ದರು. ಆ ಚೆಂಡು ಯಾರಿಗೆಂದು ಅಟ್ಸುವಿಗೆ ಗೊತ್ತಾಗುತ್ತಿತ್ತು. ಆಮೇಲೆ ಎಟ್ಸೆ ಬುದ್ಧಿ ಕಲಿತ. ಹಿಂದಕ್ಕೆ ತಳ್ಳಿದರೆ ಯಾರೂ ಸಿಳ್ಳೆ ಹಾಕುವುದಿಲ್ಲ ಎಂಬುದೊಂದನ್ನೇ ಕಲಿತು, ಅದರ ಮೇಲೆಯೇ ಬೆಲ್ಜಿಯಮ್ಮು, ಟರ್ಕಿ, ಸೈಪ್ರಸ್ಸು, ಗ್ರೀಸಿನ ಎರಡನೆಯ ದರ್ಜೆ ಎಂದು ಊರೂರು ತಿರುಗಿ ಹೊಟ್ಟೆ ಹೊರೆದ. ಕೋಚುಗಳು ಅವನನ್ನು ಜವಾಬ್ದಾರಿಯ ಆಟಗಾರ ಎಂದರು. ಪೆನಾಲ್ಟಿ ಒದೆಯುವ ಸರದಿ ಬಂದಾಗಲೆಲ್ಲ ತೊಡೆ ಹಿಡಿದುಕೊಂಡು ಕೂರುವುದೂ ಜವಾಬ್ದಾರಿಯೇ ಇರಬೇಕು.

ಆ ಗೋಲು ಬಿದ್ದ ತಿಂಗಳೊಳಗೇ ಚಿಕ್ಕಪ್ಪ ಅಗ್ಬೆಕೊ ಬೇಕರಿಗೆ ಬಂದ. ಹೊಸ ಬಟ್ಟೆ ಹೊದ್ದಿದ್ದ, ಹೊಸ ಪಿಕಪ್ಪಿನಿಂದ ಇಳಿದ. ಎರಡೂ ಎಟ್ಸೆ ಕೊಡಿಸಿದ್ದು ಎಂದು ಯಾರೂ ಕೇಳದಿದ್ದರೂ ಹೇಳಿದ. ಆಮೇಲೆ ಬಂದ ಕೆಲಸ ಹೇಳಿದ. ಅರಬರ ದೇಶದ ಒಂದು ಕ್ಲಬ್ಬು ಎಟ್ಸೆಯನ್ನು ತೆಗೆದುಕೊಳ್ಳುತ್ತಿದೆ, ಇದೇ ಕೊನೆಯ ಅವಕಾಶ. ಹೊಸ ಆಟಗಾರನ ಊರು ಮನೆ ತೋರಿಸುವ ಸಿನಿಮಾ ತೆಗೆಯಲು ಪ್ಯಾರಿಸ್ಸಿನಿಂದ ಕ್ಯಾಮೆರಾದವರು ಬರುತ್ತಿದ್ದಾರೆ. ಅವರಿಗೆ ತೀರಿಹೋದ ಅವಳಿಯ ಕಥೆ ಬಹಳ ಹಿಡಿಸಿದೆ. ವೋಗನ್ ಸಂತೆಯಲ್ಲಿ ಚಿಕ್ಕಪ್ಪ ಈಗಾಗಲೇ ಗೊಂಬೆಯನ್ನೂ ಕೊಂಡಾಗಿದೆ.

“ನಿನ್ನ ಹಾಗೇ ಇದೆ ಕಣಯ್ಯ,” ಎಂದ ಚಿಕ್ಕಪ್ಪ. “ಹಣೆ ಸ್ವಲ್ಪ ಅಗಲ, ಅಷ್ಟೇ. ನೀನು ನಾಲ್ಕು ದಿನ ಎಲ್ಲಾದ್ರೂ ಹೋಗಿದ್ದು ಬಾ. ಪಾಲಿಮೆ ಕಡೆ ತಂಪಾಗಿರುತ್ತೆ.”

“ಬದುಕಿರೋನ ಹೆಸರಲ್ಲಿ ಗೊಂಬೆ ಇಟ್ಟು ಪೂಜೆ ಮಾಡ್ತೀರಾ? ಹೆದರಿಕೆ ಆಗಲ್ವಾ ಚಿಕ್ಕಪ್ಪ?”

“ಪೂಜಾರಿನ ಕರೆಸ್ತಾ ಇಲ್ಲ. ಬರೀ ಆಟ.”

“ನಮ್ಮಮ್ಮ ಒಪ್ಪಿದಾಳಾ?”

“ಒಪ್ಪಿದಾಳೆ.”

ಅಟ್ಸುವಿಗೆ ನಂಬಿಕೆ ಬರಲಿಲ್ಲ. ತಮ್ಮ ತನ್ನನ್ನು ಸಾಯಿಸಿದ್ದನ್ನು ನಕ್ಕು ಮರೆಯಬಹುದು. ತಮ್ಮನ ಯೋಗ್ಯತೆ ಗೊತ್ತಿದ್ದದ್ದೇ. ಚಿಕ್ಕಪ್ಪ ಪಿಕಪ್ಪಿಗೆ ಮಾರಿಕೊಂಡದ್ದೂ ಆಶ್ಚರ್ಯವಲ್ಲ, ಸೈಕಲ್ಲಿಗೂ ಮಾರಿಕೊಳ್ಳುತ್ತಿದ್ದ. ತಾಯಿಯೂ ತನ್ನನ್ನು ಸತ್ತವರ ಲೆಕ್ಕಕ್ಕೆ ಹಾಕಿದಳೇ ಎಂಬುದೊಂದು ಅವನಿಗೆ ತಿಳಿಯಬೇಕಿತ್ತು. ಹಿಟ್ಟಿನ ಕೈಯಲ್ಲೇ ಮನೆಗೆ ನಡೆದ.

ತಾಯಿ ಅಂಗಳದಲ್ಲಿ ಕೂತು ಅಲಸಂದೆ ಆರಿಸುತ್ತಿದ್ದಳು. ಅವನು ಕೇಳಿದ. ಅವಳು ತಲೆಯೆತ್ತಲಿಲ್ಲ.

“ನಾಲ್ಕು ದಿನ ತಾನೇ ಮಗಾ. ಹೋಗಿ ಬಂದ್ಬಿಡು. ಪಾಪ, ಚಿಕ್ಕೋನು ಅವನು.”

“ಚಿಕ್ಕೋನಾ? ನನ್ನ ಹಿಂದೇನೇ ಬಂದ ಅಂತ ನೀನೇ ಹೇಳ್ತೀಯ. ಎಷ್ಟು ಚಿಕ್ಕೋನಮ್ಮಾ? ಕಾಗದದಲ್ಲಿರೋಷ್ಟಾ?”

“ಅವನಿಗೆ ಬೇರೇನು ಬರುತ್ತೆ ಹೇಳು? ನಿನಗೆ ರೊಟ್ಟಿ ಸುಡೋಕೆ ಬರುತ್ತೆ. ಅವನಿಗೆ ಆ ಚೆಂಡು ಬಿಟ್ರೆ ಗತಿಯಿಲ್ಲ. ಈ ಒಂದು ಸಲ ದಾಟಿಬಿಡ್ಲಿ.”

ಅಟ್ಸು ಹೊರಟ. ಬಾಗಿಲಿಗೆ ಹೋದವನು ನಿಂತು, ತಿರುಗಿ, ಆ ಮನೆಯಲ್ಲಿ ಅವಳಿಗಳು ಹುಟ್ಟಿದಂದಿನಿಂದ ಯಾರೂ ಆಡದ ಮಾತನ್ನು ಒಂದೊಂದೇ ಬಿಡಿಸಿ ಹೇಳಿದ: “ಸರಿ ಕಣಮ್ಮಾ. ಕಟ್ಟಿಗೆ ತರೋಕೆ ಹೋಗ್ತೀನಿ.”

ಮೊರ ಅವಳ ಮಡಿಲಿಂದ ಜಾರಿ ಕಾಳೆಲ್ಲ ಚೆಲ್ಲಿತು. “ಬಾಯಿ ಮುಚ್ಚೋ! ಏ ಅಟ್ಸು! ವಾಪಸ್ ತಗೋ ಆ ಮಾತು!” ಎಂದು ಕೂಗಿದಳು. ಅವನು ಆಗಲೇ ಬೀದಿಗಿಳಿದಿದ್ದ.

ಕ್ಯಾಮೆರಾದವರು ಬಂದರು. ಅವರ ಯಜಮಾನಿ ಸಿಲ್ವಿ ಎಂಬವಳು. ಕಂಡದ್ದಕ್ಕೆಲ್ಲ ಆಹಾ ಎನ್ನುವ ಹೆಂಗಸು. ಕೋಳಿ ಕಂಡರೂ ಆಹಾ, ಮಸಿ ಹಿಡಿದ ಗೋಡೆ ಕಂಡರೂ ಆಹಾ. ಎಟ್ಸೆ ಕಪ್ಪು ಕನ್ನಡಕ ಹಾಕಿಕೊಂಡು, ಮಂಡಿನೋವು ಕಾಣದ ಹಾಗೆ ನಿಧಾನವಾಗಿ ನಡೆದು, ಕಡಲದಂಡೆಯಲ್ಲಿ ಮಕ್ಕಳ ಜೊತೆ ಚೆಂಡಾಡಿ ತೋರಿಸಿದ. ಮಕ್ಕಳಿಗೂ ಹಿಂದಕ್ಕೇ ಪಾಸು ಕೊಟ್ಟ. ಊರವರಿಗೆಲ್ಲ ಅಗ್ಬೆಕೊ ಮೊದಲೇ ಬಾಯಿಗೆ ಬೀಗ ಹಾಕಿಸಿದ್ದ. ಅವನೇ ಹಂಚಿದ ಅಂಗಿಗಳನ್ನು ತೊಟ್ಟು ಎಲ್ಲರೂ ಎಂಟನೆಯ ನಂಬರಿನವರಾಗಿ ನಿಂತಿದ್ದರು. ಕೋಸಿ ಕೂಡ. ನೆಲಕ್ಕೆ ಹೆಂಡ ಚೆಲ್ಲಿ ನಕ್ಕಿದ್ದವನು ಈಗ ಕ್ಯಾಮೆರಾದ ಮುಂದೆ, “ಪಾಪ, ಅಟ್ಸು ಚಿಕ್ಕ ವಯಸ್ಸಿಗೇ ಹೋದ, ಬಂಗಾರದಂಥ ಹುಡುಗ” ಎಂದು ಮೂಗು ಒರೆಸಿಕೊಂಡ. ಅದೇ ಬೆಳಗ್ಗೆ ಅವನು ತಿಂದದ್ದು ಅಟ್ಸು ಹಿಂದಿನ ದಿನ ಸುಟ್ಟಿಟ್ಟು ಹೋದ ರೊಟ್ಟಿ.

ಕೊನೆಗೆ ಮುಖ್ಯವಾದ ಭಾಗ. ಅಂಗಳದಲ್ಲಿ ಚಾಪೆ ಹಾಸಿ ಗೊಂಬೆಯನ್ನು ಕೂರಿಸಿದರು. ಅದಕ್ಕೂ ಪುಟ್ಟದೊಂದು ಎಂಟನೆಯ ನಂಬರಿನ ಅಂಗಿ ಹೊಲಿಸಿದ್ದ ಚಿಕ್ಕಪ್ಪ. ಬೇಯಿಸಿದ ಅಲಸಂದೆಗೆ ಕೆಂಪು ತಾಳೆಎಣ್ಣೆ ಸುರಿದು ತಾಯಿಯ ಮುಂದಿಟ್ಟರು. ಅವಳು ಒಂದು ತುತ್ತು ತೆಗೆದು ಗೊಂಬೆಯ ಬಾಯಿಯ ಹತ್ತಿರ ಹಿಡಿದಳು. ಸಿಲ್ವಿ ಆಹಾ ಎಂದಳು.

“ಹೆಸರು ಹಿಡಿದು ಕರೀಬೇಕಂತೆ ಅಮ್ಮಾ,” ಎಂದ ಎಟ್ಸೆ. “ಜೋರಾಗಿ. ಅವರಿಗೆ ಕೇಳಿಸಲಿಲ್ಲವಂತೆ.”

ತಾಯಿ ಗೊಂಬೆಯನ್ನು ನೋಡಿದಳು. ಎಟ್ಸೆಯನ್ನು ನೋಡಿದಳು. ಆಮೇಲೆ ಗೊಂಬೆಗೂ ಎಟ್ಸೆಗೂ ಬೆನ್ನು ಮಾಡಿ, ಬೇಲಿಯ ಕಡೆ ಮುಖ ಮಾಡಿ, ಮಕ್ಕಳು ಕಡಲದಂಡೆಯಲ್ಲಿ ಆಡುವಾಗ ಊಟಕ್ಕೆ ಕರೆಯುತ್ತಿದ್ದ ದನಿಯಲ್ಲಿ ಕೂಗಿದಳು. “ಅಟ್ಸೂ! ಏ ಅಟ್ಸೂ! ಬಾರೋ, ಉಣ್ಣು ಬಾ!”

ಬೇಲಿಯ ಆಚೆ ಅಟ್ಸು ಬೆಳಗಿನಿಂದಲೂ ಒಂದು ಹೊರೆಯನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದ. ಕರೆಯದಿದ್ದರೆ ಪಾಲಿಮೆಯ ದಾರಿ ಹಿಡಿದು ಮತ್ತೆ ಈ ಮನೆಗೆ ಕಾಲಿಡುವುದಿಲ್ಲ ಎಂದುಕೊಂಡಿದ್ದ. ಗೊಂಬೆಗೆ ತನ್ನ ಹೆಸರಿಟ್ಟು ಕರೆದರೂ ಅಷ್ಟೆ ಎಂದುಕೊಂಡಿದ್ದ. ಆದರೆ ಆ ಕೂಗು ಯಾರಿಗೆಂದು ಕೇಳಬೇಕಾಗಿರಲಿಲ್ಲ. ಅವನು ಎದ್ದು, ಹೊರೆಯನ್ನು ತಲೆಗೇರಿಸಿಕೊಂಡು ಒಳಗೆ ಬಂದ. ಅಂಗಳದ ನಡುವೆ, ಕ್ಯಾಮೆರಾದ ಕಾಲಿನ ಹತ್ತಿರ, ಹೊರೆಯನ್ನು ದೊಪ್ಪನೆ ಹಾಕಿದ.

“ತಂದೆ ಕಣಮ್ಮಾ,” ಎಂದ. “ಕಟ್ಟಿಗೆ. ಸ್ವಲ್ಪ ತಡ ಆಯ್ತು.”

ಹಂಚಿದ ಅಂಗಿ ತೊಟ್ಟವರೆಲ್ಲ ನೆಲ ನೋಡಿದರು. ಸಿಲ್ವಿ ಬೋಳುತಲೆಯವನನ್ನೂ ಬಂಗಾರದ ಕೂದಲಿನವನನ್ನೂ ಬದಲಾಯಿಸಿ ಬದಲಾಯಿಸಿ ನೋಡಿದಳು. ಅದೇ ಮೂಗು, ಅದೇ ಗದ್ದ, ಮುಂದಿನ ಹಲ್ಲಿನಲ್ಲಿ ಅದೇ ಸಂದು. “ಇವರು ಯಾರು?” ಎಂದು ಕೇಳಿದಳು.

ಹದಿನಾಲ್ಕು ವರ್ಷ ಪರದೇಶದಲ್ಲಿ ಆಡಿದ ಎಟ್ಸೆಗೆ ಅದೊಂದು ಗಳಿಗೆಯಲ್ಲಿ ಚೆಂಡು ಕಾಲಿಗೇ ಬಂದು ನಿಂತಿತ್ತು. ಮುಂದೆ ದಾರಿ ಖಾಲಿ ಇತ್ತು. ಇವನು ನನ್ನಣ್ಣ ಎಂದರೆ ಮುಗಿಯಿತು. ಕ್ಲಬ್ಬು ಹೋಗುತ್ತಿತ್ತು, ಮನುಷ್ಯ ಉಳಿಯುತ್ತಿದ್ದ. ಎಟ್ಸೆ ತನಗೆ ಬರುವುದೊಂದನ್ನೇ ಮಾಡಿದ.

“ನಮ್ಮ ತಂದೆ,” ಎಂದ ಫ್ರೆಂಚಿನಲ್ಲಿ.

“ಆಹಾ! ಎಷ್ಟು ಹೋಲಿಕೆ! ಆದರೆ ಇವರು ಆಕೆಯನ್ನು ಅಮ್ಮಾ ಅಂದರಲ್ಲ? ಆ ಶಬ್ದ ನನಗೂ ಬರುತ್ತೆ.”

“ನಮ್ಮಲ್ಲಿ ಹಾಗೇ. ಗಂಡ ಹೆಂಡತಿಯನ್ನು ಗೌರವದಿಂದ ಅಮ್ಮಾ ಅಂತಾನೆ.”

ಸಿಲ್ವಿ ಆಹಾ ಎಂದು ಬರೆದುಕೊಂಡಳು. ಅವಳಿಗೆ ಗೊತ್ತಿರಲಿಲ್ಲ, ವೆನೊ ಲೋಮೆಯ ರಸ್ತೆಯ ಬದಿಯಲ್ಲಿ ಮೀನು ಮಾರುತ್ತ ಫ್ರೆಂಚನ್ನು ಕಿವಿಯಿಂದಲೇ ಕಲಿತವಳೆಂದು. ಎಟ್ಸೆಗೆ ಗೊತ್ತಿತ್ತು; ಆ ಹೊತ್ತಿಗೆ ನೆನಪಾಗಲಿಲ್ಲ.

ತಾಯಿ ಎದ್ದು ನಿಂತಳು. ಕೈಯಲ್ಲಿದ್ದ ತುತ್ತನ್ನು ಮೊದಲು ಅಟ್ಸುವಿನ ಬಾಯಿಗಿಟ್ಟಳು. ಮಗುವಿಗಿಡುವ ಹಾಗೆ ಇಟ್ಟು, ಗಲ್ಲಕ್ಕೆ ಅಂಟಿದ ಎಣ್ಣೆಯನ್ನು ಹೆಬ್ಬೆರಳಿಂದ ಒರೆಸಿದಳು. ಆಮೇಲೆ ಗೊಂಬೆಯನ್ನು ಎತ್ತಿ ಎಟ್ಸೆಯ ಮಡಿಲಲ್ಲಿ ಕೂರಿಸಿದಳು.

“ತಗೋ. ಇದು ನಿನ್ನಣ್ಣ. ನಿನಗಿರೋದು ಇದೊಂದೇ. ನೀನು ಹೋದಲ್ಲಿಗೆಲ್ಲ ಎತ್ಕೊಂಡು ಹೋಗು. ದಿನಾ ಸ್ನಾನ ಮಾಡ್ಸು, ಊಟ ಹಾಕು, ಮರೀಬೇಡ.”

“ಅಮ್ಮಾ, ಕ್ಯಾಮೆರಾ ಓಡ್ತಾ ಇದೆ...”

“ಓಡ್ಲಿ. ಯಾರಿಗೆ ಅಮ್ಮಾ ಅಂತೀಯೋ? ಇವನು ನನ್ನ ಹೊಟ್ಟೇಲಿ ಹುಟ್ಟಿದೋನು. ಇವನು ನಿನಗೆ ಅಪ್ಪ ಆದ್ರೆ ನಾನು ನಿನಗೆ ಅಜ್ಜಿ ಆದೆ. ಅಜ್ಜಿ ಮನೆಗೆ ಬಂದಿದೀಯ, ಸಂತೋಷ. ಒಂದೆರಡು ತುತ್ತು ಉಂಡು ಹೊರಡು, ಮೊಮ್ಮಗನೇ.”

ಅಟ್ಸುವಿಗೆ ನಗು ಬಂತು. ಬಾಯಲ್ಲಿ ಅಲಸಂದೆ ಇತ್ತು, ಕಣ್ಣಲ್ಲಿ ನೀರೂ ಬಂದುಬಿಟ್ಟಿತು. ಎಟ್ಸೆ ಮಾತ್ರ ಗೊಂಬೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲೇ ಹಿಡಿದು ಕೂತಿದ್ದ. ಪಕ್ಕಕ್ಕೆ ದಾಟಿಸೋಣವೆಂದರೆ ಚಿಕ್ಕಪ್ಪ ಎದ್ದು ಹೋಗಿಯಾಗಿತ್ತು.

“ಏನು ಹೇಳಿದರು?” ಎಂದು ಸಿಲ್ವಿ ಪಿಸುಗುಟ್ಟಿದಳು.

“ಆಶೀರ್ವಾದ,” ಎಂದ ಎಟ್ಸೆ.

ಅರಬರ ಕ್ಲಬ್ಬು ಅವನನ್ನು ತೆಗೆದುಕೊಂಡಿತು. ಸಿನಿಮಾವೂ ಬಂತು. ಅಬ್ಲಾಳ ಅಂಗಡಿಯಲ್ಲಿ ಊರೆಲ್ಲ ಕೂತು ನೋಡಿತು. ತಾಯಿ ಬಯ್ಯುತ್ತಿರುವಲ್ಲಿ ವಯಲಿನ್ ನುಡಿಸಿದ್ದರು. ಕೆಳಗೆ ಫ್ರೆಂಚಿನಲ್ಲಿ ‘ತಾಯಿಯ ಆಶೀರ್ವಾದ’ ಎಂದು ಬರೆದಿದ್ದರು. ಜನ ನಕ್ಕು ನಕ್ಕು ಬೆಂಚು ಮುರಿದರು. ಕೋಸಿ ಎಲ್ಲರಿಗಿಂತ ಜೋರಾಗಿ ನಕ್ಕ. ಅವನನ್ನು ಅಟ್ಸು ಅಂದಿನಿಂದ ಮಾತಾಡಿಸಿಲ್ಲ. ರೊಟ್ಟಿ ಮಾತ್ರ ಕೊಡುತ್ತಾನೆ.

ಎಟ್ಸೆ ಅರಬರ ದೇಶದಲ್ಲಿ ಹೆಚ್ಚಾಗಿ ಆಡದೆ ಬೆಂಚಿನ ಮೇಲೆ ಕೂರುತ್ತಾನಂತೆ. ಗೊಂಬೆಯ ಕಥೆ ಅಲ್ಲೂ ಹಿಡಿಸಿದ್ದರಿಂದ ಅದನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಬೇಕಂತೆ, ಕ್ಲಬ್ಬಿನವರು ಬಿಡುವುದಿಲ್ಲವಂತೆ. ಆಗೊಮ್ಮೆ ಈಗೊಮ್ಮೆ ಮನೆಗೆ ಫೋನು ಬರುತ್ತದೆ. ಮೊನ್ನೆಯೂ ಬಂದಿತ್ತು. ತಾಯಿ ಎತ್ತಿ, ಆ ಕಡೆಯ ಮಾತನ್ನೆಲ್ಲ ಕೇಳಿಸಿಕೊಂಡಳು. ಕೊನೆಗೆ, “ಅಣ್ಣನಿಗೆ ಊಟ ಹಾಕಿದೆಯೇನಪ್ಪಾ?” ಎಂದು ಒಂದೇ ಮಾತು ಕೇಳಿ ಇಟ್ಟುಬಿಟ್ಟಳು.

ಅಟ್ಸು ಕೈಗಾಡಿ ತಳ್ಳಿಕೊಂಡು ಒಳಗೆ ಬರುತ್ತಿದ್ದ. “ಯಾರಮ್ಮಾ ಫೋನಲ್ಲಿ?” ಎಂದ.

“ಮೊಮ್ಮಗ,” ಎಂದು ಅವಳು ಮೊರವನ್ನು ಮಡಿಲಿಗೆಳೆದುಕೊಂಡು ಅಲಸಂದೆ ಆರಿಸತೊಡಗಿದಳು.